ಟ್ಯಾಂಕಿನ ಮೇಲಿನ ಕುರ್ಚಿ

ನಮ್ಮೂರಿನಲ್ಲಿ ಸಿಟ್ಟು, ಸಂಕಟ, ಭಯ ಯಾವುದೂ ಹುಟ್ಟಿದ ಕಡೆ ನಿಲ್ಲುವುದಿಲ್ಲ. ಇಳಿಜಾರು ಹಿಡಿದು ಹರಿಯುತ್ತವೆ. ಗುಡ್ಡದ ನೆತ್ತಿಯಿಂದ ಕೆರೆಯ ಅಂಚಿನವರೆಗೆ ಊರು ಮೂರು ಮಜಲುಗಳಲ್ಲಿ ಇಳಿದಿದೆ. ಮೊದಲು ಮೇಲಿನಬೀದಿ, ಆಮೇಲೆ ನಡುಬೀದಿ, ಕಟ್ಟಕಡೆಗೆ ತಗ್ಗುಕೇರಿ. ಮೇಲಿನಬೀದಿಯಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ಹುಟ್ಟಿದ ಮುನಿಸು ಮಧ್ಯಾಹ್ನಕ್ಕೆ ತಗ್ಗುಕೇರಿಯ ಅಂಗಳದಲ್ಲಿರುತ್ತದೆ. ಮೇಲಿನಬೀದಿಯ ಹಿರಿಯರೊಬ್ಬರು ಹೆಂಡತಿ ತೀರಿಕೊಂಡ ಹದಿಮೂರನೆಯ ದಿನ ಎರಡು ಹೋಳಿಗೆ ಹೆಚ್ಚಿಗೆ ಹಾಕಿಸಿಕೊಂಡು ಉಂಡರು. ತಗ್ಗುಕೇರಿಯಲ್ಲಿ ಮೂರು ತಿಂಗಳು ಯಾರ ಗಂಟಲಲ್ಲೂ ಮುದ್ದೆ ಇಳಿಯಲಿಲ್ಲ. ಸಂತೋಷ ಹರಿಯುವುದಿಲ್ಲವೇ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ. ಹರಿಯುತ್ತದೆ. ಆದರೆ ದಾರಿಯುದ್ದಕ್ಕೂ ಬೊಗಸೆಯೊಡ್ಡಿ ನಿಂತವರು ಬಹಳ.

ಇದಕ್ಕೆ ತಕ್ಕಂತೆ ನಾವೆಲ್ಲ ಬದುಕಲು ಕಲಿತಿದ್ದೇವೆ. ಬಾಡಿಗೆ ಮನೆ ನೋಡಲು ಹೋದವರು ನೀರು ಬರುತ್ತದೆಯೇ ಎಂದು ಕೇಳುವ ಮೊದಲು ಪಾಯ ಎಷ್ಟು ಎತ್ತರ ಎಂದು ಕೇಳುತ್ತಾರೆ. ಗಂಡ ಮಂಚದ ಮೇಲೂ ಹೆಂಡತಿ ಚಾಪೆಯ ಮೇಲೂ ಮಲಗುವ ಮನೆಗಳಲ್ಲಿ ಗಂಡ ಕಣ್ಣು ಮುಚ್ಚಿದೊಡನೆ ಗೊರಕೆ ಹೊಡೆಯುತ್ತಾನೆ. ಅವನ ಅಂಗಡಿಯ ಚಿಂತೆಯೆಲ್ಲ ಹೆಂಡತಿಯ ಎದೆಯ ಮೇಲೆ ಬಂದು ಕೂರುತ್ತದೆ. ಮದುವೆಯಲ್ಲಿ ಹೆಣ್ಣಿನ ಕಡೆಯವರಿಗೆ ತಗ್ಗಿನಲ್ಲಿ ಜಮಖಾನ ಹಾಸುತ್ತಾರೆ. ಶಾಲೆಯಲ್ಲಿ ಮೇಷ್ಟ್ರ ವೇದಿಕೆ, ಕೋರ್ಟಿನಲ್ಲಿ ನ್ಯಾಯಾಧೀಶರ ಪೀಠ, ದೊಡ್ಡವರ ಮನೆಯ ಜಗಲಿ, ಆ ಜಗಲಿಯ ಕೆಳಗೆ ಕೈಕಟ್ಟಿ ನಿಲ್ಲಬೇಕಾದ ಜಾಗ, ಇವನ್ನೆಲ್ಲ ಯಾರು ಏಕೆ ಕಟ್ಟಿದರು ಎಂದು ನಮ್ಮೂರಿನಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲಿನಬೀದಿಯವರ ಶಾಂತಸ್ವಭಾವ ಜಿಲ್ಲೆಗೇ ಹೆಸರುವಾಸಿ. ಪುರಸಭೆಯ ಅಧ್ಯಕ್ಷ ವಿರೂಪಣ್ಣನವರು ಇಪ್ಪತ್ತು ವರ್ಷಗಳ ಸಾರ್ವಜನಿಕ ಜೀವನದಲ್ಲಿ ಒಮ್ಮೆಯೂ ದನಿ ಏರಿಸಿಲ್ಲವೆಂದು ಊರವರು ಅವರಿಗೆ ಶಾಲು ಹೊದಿಸಿ, ಹಾರ ಹಾಕಿ, ಮರದ ಫಲಕ ಕೊಟ್ಟಿದ್ದರು. ಅವರ ಮನೆಯಿಂದ ನೇರ ಇಳಿದರೆ ತಗ್ಗುಕೇರಿಯ ಮೂರನೆಯ ಸಾಲು ಸಿಗುತ್ತದೆ. ಆ ಸಾಲಿನಲ್ಲಿ ತಟ್ಟೆ ಬಿಸಾಡದ ಮನೆಯಿರಲಿಲ್ಲ.

ನಾನು ಮನಸ್ಸಿನ ಚಿಕಿತ್ಸೆ ಓದಿದ್ದು ಬಯಲುಸೀಮೆಯ ಒಂದು ನಗರದಲ್ಲಿ. ಅಲ್ಲಿ ನೆಲ ಸಮತಟ್ಟಾಗಿತ್ತು, ಪುಸ್ತಕಗಳೂ ಸಮತಟ್ಟಾಗಿದ್ದವು. ನಿಮ್ಮೊಳಗಿನದು ನಿಮ್ಮದೇ, ಅದನ್ನು ಗುರುತಿಸಿ, ಹೆಸರಿಡಿ, ಬಿಟ್ಟುಬಿಡಿ ಎಂದು ಅವು ಹೇಳುತ್ತಿದ್ದವು. ಊರಿಗೆ ಮರಳಿದ ಮೇಲೆ ಪುರಸಭೆಯವರು ನಡುಬೀದಿಯಲ್ಲಿ ಒಂದು ಕೋಣೆ ಕೊಟ್ಟು, ಬಾಗಿಲಿಗೆ ಆಪ್ತಸಮಾಲೋಚನಾ ಕೇಂದ್ರ ಎಂದು ಬೋರ್ಡು ಹಾಕಿದರು. ನಾನು ಆರು ವರ್ಷ ತಗ್ಗುಕೇರಿಯವರಿಗೆ ಉಸಿರು ಎಳೆದುಕೊಳ್ಳಿ, ಬಿಡಿ, ಎಳೆದುಕೊಳ್ಳಿ, ಬಿಟ್ಟುಬಿಡಿ ಎಂದು ಹೇಳಿಕೊಟ್ಟೆ. ಅವರು ಎಲ್ಲಿಗೆ ಬಿಡಬೇಕು ಎಂದು ನಾನು ಒಂದು ದಿನವೂ ಯೋಚಿಸಲಿಲ್ಲ. ಅವರ ಕೆಳಗೆ ಇರುವುದು ಕೆರೆ ಮಾತ್ರ. ನಮ್ಮ ಕೆರೆಯ ಮೀನುಗಳು ಬಲೆ ಎತ್ತಿದಾಗ ಕಚ್ಚಲು ಬರುತ್ತವೆ.

ನನ್ನ ಇನ್ನೊಂದು ಕೆಲಸದ ಬಗ್ಗೆ ಹೇಳದೆ ಮುಂದೆ ಹೋಗುವಂತಿಲ್ಲ. ಪುರಸಭೆಯಲ್ಲಿ ಕುರ್ಚಿ ಪರೀಕ್ಷೆ ಎಂಬುದೊಂದಿತ್ತು. ಯಾವ ಪೌರಕಾರ್ಮಿಕರ ಮೇಲಾದರೂ ಸಿಡುಕಿನ ದೂರು ಬಂದರೆ, ಅವರನ್ನು ಕಚೇರಿಯ ಹಿಂದಿನ ತಗ್ಗಿನ ಗೋದಾಮಿನಲ್ಲಿ ಒಂದು ಮರದ ಕುರ್ಚಿಯ ಮೇಲೆ ಒಂದು ಗಂಟೆ ಕೂರಿಸುತ್ತಿದ್ದರು. ಎದುರಿನ ವೇದಿಕೆಯ ಮೇಲೆ ಅಧ್ಯಕ್ಷರು, ಆರೋಗ್ಯಾಧಿಕಾರಿ, ಇಂಜಿನಿಯರ್ ಕೂರುತ್ತಿದ್ದರು. ಗಂಟೆ ಮುಗಿಯುವ ಮೊದಲು ಕುರ್ಚಿಯಲ್ಲಿ ಕೂತವರು ದನಿಯೇರಿಸಿದರೆ, ಅತ್ತರೆ, ಕೈಯೆತ್ತಿದರೆ ಅವರಿಗೆ ಸಿಡುಕು ರೋಗ. ಕೆಲಸ ಹೋಗುತ್ತದೆ, ಕ್ವಾರ್ಟರ್ಸು ಹೋಗುತ್ತದೆ, ಅವರನ್ನು ಘಟ್ಟದಾಚೆಯ ಶಮನಾಲಯಕ್ಕೆ ಸಾಗಿಸುತ್ತಾರೆ. ವೇದಿಕೆಯ ಮೇಲಿನವರ ಬೇಸರ, ಊಟಕ್ಕೆ ಹೊತ್ತಾಯಿತೆಂಬ ಕಿರಿಕಿರಿ, ಮನೆಯ ಜಗಳ ಎಲ್ಲ ಕೆಳಗೆ ಕೂತವರ ತಲೆಯ ಮೇಲೆ ಸುರಿಯುತ್ತಿದ್ದರೆ ಒಂದು ಗಂಟೆ ಯಾರು ತಾನೆ ತಡೆದಾರು? ಯಾರೂ ತಡೆಯಲಿಲ್ಲ. ಕೊನೆಯಲ್ಲಿ ಆಪ್ತಸಮಾಲೋಚಕಿಯ ರುಜು ಬೇಕಿತ್ತು. ಒಂಬತ್ತು ಕಾಗದಗಳ ಮೇಲೆ ನನ್ನ ರುಜು ಇದೆ.

ಹತ್ತನೆಯ ಕಡತ ಹಿಡಿದುಕೊಂಡು ಬಂದವರು ಚಿಕ್ಕತಾಯಮ್ಮ. ನಲವತ್ತೆರಡು ವರ್ಷ, ಮೂರನೆಯ ಸಾಲಿನ ಮನೆ, ಹದಿನೆಂಟು ವರ್ಷದಿಂದ ಮೇಲಿನಬೀದಿಯ ಚರಂಡಿ ಬಾಚುವ ಕೆಲಸ. ಮಧ್ಯಾಹ್ನ ನಾಲ್ಕು ಗಂಟೆಗೆ ಹಾಜರಿ ಹಾಕುವ ಮೇಸ್ತ್ರಿಯ ಮೇಲೆ ಪೊರಕೆ ಬೀಸಿದರು ಎಂಬುದು ದೂರು. ಪರೀಕ್ಷೆಗೆ ಐದು ವಾರವಿತ್ತು. ಅವರು ಶಮನಾಲಯಕ್ಕೆ ಹೋದರೆ ಒಂಬತ್ತನೇ ಕ್ಲಾಸಿನ ಮಗಳೊಬ್ಬಳೇ ಉಳಿಯುತ್ತಿದ್ದಳು; ಮನೆಯೂ ಇರುತ್ತಿರಲಿಲ್ಲ. ಕಡತದ ಎರಡನೆಯ ಹಾಳೆಯಲ್ಲಿ ಕುಟುಂಬದ ವಿವರವಿತ್ತು: ಅಕ್ಕ ದೊಡ್ಡತಾಯಮ್ಮ, ಸಿಡುಕು ರೋಗ, ನಾಲ್ಕು ವರ್ಷದ ಹಿಂದೆ ಶಮನಾಲಯಕ್ಕೆ. ಅದರ ಕೆಳಗಿನ ರುಜುವನ್ನು ನಾನು ನೋಡಿದೆ. ನಾನು ನೋಡಿದ್ದನ್ನು ಅವರೂ ನೋಡಿದರು.

ನಾನು ನನ್ನ ತಿರುಗುವ ಕುರ್ಚಿಯಲ್ಲಿ ಕೂತು, ಅವರನ್ನು ಎದುರಿನ ಮೋಟು ಸ್ಟೂಲಿನ ಮೇಲೆ ಕೂರಿಸಿ ಯಾವಾಗಲೂ ಕೇಳುವ ಪ್ರಶ್ನೆಗಳನ್ನೇ ಕೇಳಿದೆ. ಸಿಟ್ಟು ಬರುವ ಮೊದಲು ಮೈಯಲ್ಲಿ ಏನಾಗುತ್ತದೆ, ಎಷ್ಟು ಹೊತ್ತು ಇರುತ್ತದೆ, ಇತ್ಯಾದಿ. ಅವರು ಎರಡಕ್ಕೆ ಉತ್ತರ ಕೊಟ್ಟು ಮೂರನೆಯದಕ್ಕೆ ಆಕಳಿಸಿದರು. ಮತ್ತೆ ಆಕಳಿಸಿ, ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು.

"ತಪ್ಪು ತಿಳ್ಕಬ್ಯಾಡಿ ಮೇಡಮ್ಮೋರೆ. ನಿಮ್ಗೆ ಬೇಜಾರಾಗೈತೆ ಅಲ್ವಾ?"

"ನನಗಾ? ಇಲ್ಲವಲ್ಲ."

"ಆಗೈತೆ ಬಿಡಿ. ನನ್ ಮ್ಯಾಲೇ ಬೀಳ್ತಾ ಐತೆ. ಇವ್ಳು ಬ್ಯಾಗ ಎದ್ದೋದ್ರೆ ಸಾಕು, ಮನೇಗೋಗಿ ಕಾಲು ಚಾಚ್ಬೇಕು ಅಂತ ಅನ್ನಿಸ್ತಾ ಐತೆ. ನನ್ ಮನೇಲಿ ಕಾಲು ಚಾಚಾಕೆ ಜಾಗ ಇಲ್ಲ, ಅದ್ಕೇ ನಂದಲ್ಲ ಅಂತ ಗೊತ್ತಾಯ್ತು."

ಆರು ವರ್ಷ ನನ್ನ ಎದುರು ಕೂತವರೆಲ್ಲ ಅರ್ಧ ಗಂಟೆಗೆ ಸರಿಯಾಗಿ ಸುಸ್ತಾಗಿ ಎದ್ದು ಹೋಗುತ್ತಿದ್ದರು. ಅದನ್ನು ನಾನು ಗುಣಮುಖರಾಗುವ ಲಕ್ಷಣವೆಂದು ವರದಿಯಲ್ಲಿ ಬರೆಯುತ್ತಿದ್ದೆ! ಅವತ್ತು ಎದ್ದು ಕುರ್ಚಿಯನ್ನು ಅವರ ಕಡೆಗೆ ತಳ್ಳಿ, ನಾನು ನೆಲದ ಮೇಲೆ ಕೂತೆ.

"ಅಯ್ಯೋ ಏಳಿ ಮೇಡಮ್ಮೋರೆ, ಯಾರಾದ್ರೂ ನೋಡಿದ್ರೆ ನನ್ ಕತೆ ಮುಗೀತು."

"ಬಾಗಿಲು ಹಾಕಿದೆ. ಕೂತ್ಕೊಳ್ಳಿ."

ಅವರು ಆ ತಿರುಗುವ ಕುರ್ಚಿಯ ಅಂಚಿಗೆ ಆತುಕೊಂಡು ಕೂತರು. ಒಂದು ಸಲ ಅರ್ಧ ಸುತ್ತು ತಿರುಗಿ, ಗಾಬರಿಯಾಗಿ ಮೇಜು ಹಿಡಿದುಕೊಂಡರು. ಆಮೇಲೆ ಮೇಲಿನಿಂದ ನನ್ನ ಮೇಲೆ ಬಿದ್ದುದನ್ನು ನಾನು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಹಲ್ಲು ಕಟಕಟ ಕಡಿಯುವಂತಾಯಿತು. ಯಾರದೋ ಆಸ್ತಿಯ ವ್ಯಾಜ್ಯದ ಸಿಟ್ಟು, ಯಾರದೋ ಸೊಸೆಯ ಮೇಲಿನ ಹೊಟ್ಟೆಕಿಚ್ಚು, ಚುನಾವಣೆಯ ಭಯ, ಒಂದರ ಮೇಲೊಂದು. ಅವರ ಸ್ವಂತದ್ದು ಯಾವುದು ಎಂದು ಹುಡುಕಿದೆ, ಸಿಗಲಿಲ್ಲ. ಕೇಳಿಯೇಬಿಟ್ಟೆ.

"ನಂದೂ ಅಂತ ಒಂದಿರ್ಬೋದು. ಅದು ಎದ್ದು ಬರಾಕೆ ಜಾಗ ಎಲ್ಲೈತೆ ಹೇಳಿ. ಬಸ್‌ಸ್ಟ್ಯಾಂಡಿನ ನಲ್ಲಿ ತರ, ಯಾವಾಗ್ಲೂ ಬ್ಯಾರೆಯವ್ರ ಬಿಂದ್ಗೆನೇ ಮುಂದೆ."

ನಾವು ವಾರಕ್ಕೆರಡು ಸಲ ಹೀಗೆ ಕೂತೆವು. ಅವರು ಮೇಲೆ, ನಾನು ಕೆಳಗೆ. ಚಿಕಿತ್ಸೆ ಎಂದು ನಾನು ಕರೆಯುತ್ತಿದ್ದುದು ಏನೆಂದು ನನಗೆ ಗೊತ್ತಾಗತೊಡಗಿದ್ದು ಆಗಲೇ. ಅವರು ಹೊರಟ ಮೇಲೆ ನಾನು ಮನೆಗೆ ಹೋಗಿ ಅಮ್ಮನ ಮೇಲೆ ರೇಗುತ್ತಿದ್ದೆ, ತರಕಾರಿಯವನೊಡನೆ ಜಗಳವಾಡುತ್ತಿದ್ದೆ. ಅಮ್ಮ ಅಡುಗೆಮನೆಯಿಂದಲೇ, "ಯಾರದ್ದೇ ಇದು, ಎಲ್ಲಿಂದ ಹೊತ್ಕೊಂಡು ಬಂದೆ?" ಎಂದು ಕೂಗುತ್ತಿದ್ದಳು. ಇಷ್ಟನ್ನು ಹೊತ್ತುಕೊಂಡು ಹದಿನೆಂಟು ವರ್ಷದಲ್ಲಿ ಒಂದೇ ಸಲ ಪೊರಕೆ ಬೀಸಿದವರ ಸಹನೆಗೆ ಯಾರೂ ಶಾಲು ಹೊದಿಸಿರಲಿಲ್ಲ.

ತಗ್ಗುಕೇರಿಯಲ್ಲಿ ಜೈತುನ್‌ಬಿ ಎಂಬವರ ಮನೆಯ ಮುಂದೆ ಬೀಡಿ ಕಟ್ಟುವ ಹೆಂಗಸರು ಕೂರುತ್ತಾರೆ. ಎಂಟು ಜನ ಕಟ್ಟುತ್ತಾರೆ, ಒಬ್ಬರು ಗಟ್ಟಿಯಾಗಿ ಓದುತ್ತಾರೆ. ಓದುವವರ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಾರೆ. ಕಾದಂಬರಿ, ಪೇಪರು, ಗೊಬ್ಬರದ ಚೀಲದ ಮೇಲಿನ ಸೂಚನೆ, ಏನು ಸಿಕ್ಕರೆ ಅದು. ಆ ವಾರ ನಾನು ಪುರಸಭೆಯ ನಿಯಮಾವಳಿಯ ಪುಸ್ತಕ ಒಯ್ದು ಕೊಟ್ಟೆ. ಜೈತುನ್‌ಬಿ ಕನ್ನಡಕ ಏರಿಸಿ ಮೊದಲ ಪುಟದಿಂದ ಶುರುಮಾಡಿದರು. ಹಂದಿ ಹಿಡಿಯುವ ನಿಯಮ, ಬೀದಿದೀಪದ ನಿಯಮ, ಸಂತೆಯ ಸುಂಕ. ಮೂರನೆಯ ದಿನ ಕುರ್ಚಿ ಪರೀಕ್ಷೆಯ ಅಧ್ಯಾಯ ಬಂತು.

"ಪರೀಕ್ಷೆಗೆ ಒಳಪಡುವ ನೌಕರರು ಲಿಖಿತವಾಗಿ ಕೋರಿದಲ್ಲಿ, ಪುರಸಭೆಯ ಒಡೆತನದ ಯಾವುದೇ ಸ್ಥಳದಲ್ಲಿ ಕುರ್ಚಿಯನ್ನು ಇರಿಸತಕ್ಕದ್ದು," ಎಂದು ಓದಿ ಜೈತುನ್‌ಬಿ ನಿಲ್ಲಿಸಿದರು. ಮೊರಗಳ ಮೇಲೆ ಕೈಗಳೂ ನಿಂತವು.

"ಇನ್ನೊಂದ್ ಕಿತ ಓದಕ್ಕ," ಎಂದರು ಕೆಲಸ ಮುಗಿಸಿ ಬಂದು ಕೂತಿದ್ದ ಚಿಕ್ಕತಾಯಮ್ಮ.

ಓದಿದರು.

"ಗುಡ್ಡದ ಮ್ಯಾಗ್ಳ ನೀರಿನ ಟ್ಯಾಂಕು ಯಾರ್ದು?"

"ಪುರಸಭೇದು," ಎಂದು ಎಂಟು ಬಾಯಿ ಒಟ್ಟಿಗೆ ಹೇಳಿದವು. ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಎಲೆ, ತಂಬಾಕು, ದಾರ ಎಲ್ಲ ಚೆಲ್ಲಾಪಿಲ್ಲಿಯಾಗುವಷ್ಟು ನಕ್ಕರು. ಅಷ್ಟು ನಗು ತಗ್ಗುಕೇರಿಯಲ್ಲೇ ಹುಟ್ಟಿದ್ದು. ಮೇಲಿನಿಂದ ಬಂದದ್ದಾಗಿದ್ದರೆ ಅಷ್ಟು ಉಳಿದಿರುತ್ತಿರಲಿಲ್ಲ.

ಜೈತುನ್‌ಬಿ ಮಾತ್ರ ನಗದೆ ಮುಂದಿನ ಸಾಲಿಗೆ ಬೆರಳಿಟ್ಟಿದ್ದರು. "ತಡೀರಿ, ಇಲ್ಲಿನ್ನೊಂದೈತೆ. ಪರೀಕ್ಷಾ ಸ್ಥಳದಲ್ಲಿ ಹಾಜರಿದ್ದು ದನಿಯೇರಿಸಿದ ಪ್ರತಿಯೊಬ್ಬರ ಹೆಸರನ್ನೂ ವೇಳೆಸಹಿತ ನಮೂದಿಸತಕ್ಕದ್ದು. ಹಾಗೆ ನಮೂದಾದವರು ಪುರಸಭೆಯ ಯಾವ ಹುದ್ದೆಯಲ್ಲೂ ಮುಂದುವರಿಯತಕ್ಕದ್ದಲ್ಲ." ಅದು ಎಲ್ಲರಿಗೂ ಗೊತ್ತಿದ್ದ ಸಾಲು. ದೊಡ್ಡತಾಯಮ್ಮನ ಪರೀಕ್ಷೆಯ ದಿನ ಬಾಗಿಲಲ್ಲಿ ನಿಂತು ಅತ್ತ ಅವರ ಗಂಡನ ಕೆಲಸವೂ ಈ ಸಾಲಿನಿಂದಲೇ ಹೋಗಿತ್ತು. ನಮ್ಮವರು ಯಾರೂ ಬಾಯಿಬಿಡಬಾರದು, ಗೇಟಿನ ಹೊರಗೇ ನಿಲ್ಲೋಣ ಎಂದು ಅಲ್ಲಿಯೇ ತೀರ್ಮಾನವಾಯಿತು.

ಅರ್ಜಿಯನ್ನು ನಾನೇ ಬರೆದೆ. ಪುರಸಭೆಯ ಗುಮಾಸ್ತ ಅಶ್ವತ್ಥ ಅದನ್ನು ಎರಡು ಸಲ ಓದಿ, ಸುತ್ತ ನೋಡಿ, ಪಿಸುದನಿಯಲ್ಲಿ, "ಮೇಡಂ, ನಿಯಮದಲ್ಲಿದೆ. ನಾನೇನು ಮಾಡಕ್ಕಾಗುತ್ತೆ?" ಎಂದು ಮೊಹರು ಒತ್ತಿದರು. ಇಪ್ಪತ್ತೆರಡು ವರ್ಷ ವೇದಿಕೆಯ ಬುಡದ ಮೇಜಿನಲ್ಲಿ ಕೂತು ಬರೆದವರು ಅವರು. ಅವರ ಕತ್ತು ಯಾವಾಗಲೂ ಯಾರೋ ಹೊಡೆಯಲು ಬರುತ್ತಿದ್ದಾರೆ ಎಂಬಂತೆ ಹೆಗಲೊಳಗೆ ಸೇರಿಕೊಂಡಿರುತ್ತಿತ್ತು.

ಉಳಿದ ದಿನಗಳಲ್ಲಿ ನಾವು ಅಭ್ಯಾಸ ಮಾಡಿದೆವು. ನನ್ನ ಲೆಕ್ಕಾಚಾರ ಸರಳವಾಗಿತ್ತು. ಟ್ಯಾಂಕಿಗಿಂತ ಎತ್ತರ ಊರಿನಲ್ಲಿ ಯಾವುದೂ ಇಲ್ಲ. ಅಲ್ಲಿಗೆ ಯಾರ ಸಿಟ್ಟೂ ತಲುಪುವುದಿಲ್ಲ. ಒಂದು ಗಂಟೆ ಸುಮ್ಮನೆ ಕೂತು ಇಳಿದರೆ ಗೆದ್ದಂತೆ. ಹಾಗಿದ್ದರೂ ಇರಲಿ ಎಂದು ಉಸಿರಾಟ ಹೇಳಿಕೊಟ್ಟೆ. ಚಿಕ್ಕತಾಯಮ್ಮ ಉಸಿರು ಎಳೆದುಕೊಂಡು ನನ್ನನ್ನೇ ನೋಡುತ್ತಿದ್ದರು. "ಬಿಡಿ" ಎಂದರೆ ಬಿಡುತ್ತಿರಲಿಲ್ಲ. "ನೋಡಾಣ ತಡೀರಿ, ಒಳಗೆ ಏನೈತೆ ಅಂತ," ಎನ್ನುತ್ತಿದ್ದರು.

ಪರೀಕ್ಷೆಯ ದಿನ ಬೆಳಿಗ್ಗೆ ಹತ್ತಕ್ಕೆ ನಾಲ್ಕು ಜನ ಹೆಂಗಸರು ಗೋದಾಮಿನ ಆ ಕುರ್ಚಿಯನ್ನು ಹೊರಗೆ ತಂದು, ಸಿಂಬೆಯಿಟ್ಟು ತಲೆಯ ಮೇಲೆ ಸರದಿಯಲ್ಲಿ ಹೊತ್ತು ಗುಡ್ಡ ಹತ್ತಿದರು. ಅದರ ಕೈಗಳನ್ನು ಪರೀಕ್ಷೆಗೆ ಕೂತವರು ಎಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದರೆಂದರೆ ಬಣ್ಣ ಹೋಗಿ ಮರ ನುಣುಪಾಗಿತ್ತು. ಮೇಲಿನಬೀದಿಯಲ್ಲಿ ಕಿಟಕಿಗಳು ತೆರೆದವು. "ಕುರ್ಚಿ ಎಲ್ಲಿಗಮ್ಮಾ?" ಎಂದು ಯಾರೋ ಕೇಳಿದರು. "ಗಾಳಿ ಸೇವನೆಗೆ!" ಎಂದು ಜೈತುನ್‌ಬಿ ಉತ್ತರಿಸಿದರು. ಟ್ಯಾಂಕಿನ ಗೇಟಿನಲ್ಲಿ ಕಾವಲುಗಾರ ಕೋಲು ಅಡ್ಡ ಹಿಡಿದ. ಕುರ್ಚಿ, ಪರೀಕ್ಷೆಯವರು, ಮೇಡಂ, ಅಷ್ಟೇ ಒಳಗೆ, ಉಳಿದವರು ಗೇಟಿನ ಮುಂದೆಯೂ ನಿಲ್ಲಬಾರದು ಎಂದ. ಹೆಂಗಸರು ಬಾಯಿಬಿಡದೆ ವಾಪಸು ಕೆಳಗಿಳಿದರು. ಕುರ್ಚಿಯನ್ನು ಹೆಗಲಿಗೆ ಹಾಕಿಕೊಂಡು ಕಬ್ಬಿಣದ ಏಣಿ ಹತ್ತಿದವರು ಚಿಕ್ಕತಾಯಮ್ಮನೇ.

ಅಧ್ಯಕ್ಷರ ಜೀಪು ಹನ್ನೊಂದಕ್ಕೆ ಬಂತು. ವಿರೂಪಣ್ಣನವರು ಏಣಿಯನ್ನೂ ತಮ್ಮ ಮೊಣಕಾಲನ್ನೂ ನೋಡಿಕೊಂಡು, ನಮ್ಮ ಮೇಜು ಕೆಳಗೇ ಇರಲಿ ಎಂದರು. ಆರೋಗ್ಯಾಧಿಕಾರಿಯೂ ಇಂಜಿನಿಯರೂ ಸಮಾಧಾನದ ಉಸಿರುಬಿಟ್ಟರು. ಹೀಗೆ ಅವರೆಲ್ಲ ತಾವಾಗಿಯೇ ಟ್ಯಾಂಕಿನ ಬುಡದಲ್ಲಿ, ಮೂವತ್ತಡಿ ಕೆಳಗೆ ಕೂತರು. ಅಶ್ವತ್ಥ ಪುಸ್ತಕ ತೆರೆದು ಹನ್ನೊಂದು ಹತ್ತು ಎಂದು ಬರೆದರು. ನಾನು ಪಕ್ಕದ ಕಲ್ಲಿನ ಮೇಲೆ ಕೂತೆ.

ಮೊದಲ ಕಾಲು ಗಂಟೆ ಏನೂ ಆಗಲಿಲ್ಲ. ಆಮೇಲೆ ಮೇಲಿನಿಂದ ಚಿಕ್ಕತಾಯಮ್ಮನ ದನಿ ಕೇಳಿಸಿತು. ಬೆರಗುಗೊಂಡ ಮಗುವಿನ ದನಿಯಂತಿತ್ತು.

"ಮೇಡಮ್ಮೋರೆ, ಇಲ್ಲಿ ಏನೂ ಇಲ್ಲ ಕಣ್ರೀ. ಬರೀ ಗಾಳಿ. ಇದೇನಾ ಮೇಲಿನಬೀದಿಯೋರಿಗೆ ದಿನಾ ಇರೋದು?"

ನಾನು ಬಾಯಿಯ ಮೇಲೆ ಬೆರಳಿಟ್ಟು ಸನ್ನೆ ಮಾಡಿದೆ. ಇನ್ನು ಮುಕ್ಕಾಲು ಗಂಟೆ, ಅಷ್ಟೇ. ಐದು ನಿಮಿಷ ಕಳೆಯಿತು. ಹತ್ತು ಕಳೆಯಿತು. ಅವರು ಕುರ್ಚಿಯಿಂದ ನಿಧಾನ ಎದ್ದು ನಿಂತಿದ್ದನ್ನು ಕಂಡೆ. ನೆತ್ತಿಯ ಬಿಸಿಲಿನಲ್ಲಿ ಅವರ ಕೆನ್ನೆ ಅದುರುತ್ತಿತ್ತು. "ಉಸಿರು, ಚಿಕ್ಕತಾಯಮ್ಮ, ಉಸಿರು! ಬಿಟ್ಟುಬಿಡಿ!" ಎಂದು ಪಿಸುದನಿಯಲ್ಲೇ ಕೂಗಿದೆ.

ಅವರು ಕೆಳಗೆ ಬಗ್ಗಿ ನನ್ನನ್ನು ನೋಡಿದರು. "ಇದು ನಂದು ಮೇಡಮ್ಮೋರೆ. ನಲ್ವತ್ತೆರಡು ವರ್ಸಕ್ಕೆ ಮೊದಲ್ನೇ ಕಿತ ಬಂದೈತೆ. ಬಂದಿದ್ನ ವಾಪಸ್ ಕಳ್ಸು ಅಂತೀರಾ?"

ಕೆಲಸ, ಮನೆ, ಮಗಳು ಎಲ್ಲ ಆ ಒಂದು ಗಂಟೆಯ ಮೌನದ ಮೇಲೆ ನಿಂತಿದ್ದವು. ನಾನು ಹೌದು ಎನ್ನಬೇಕಿತ್ತು. ಕಲಿತದ್ದೆಲ್ಲ ಹೌದು ಎನ್ನಲು ಹೇಳುತ್ತಿತ್ತು. ನನ್ನ ಬಾಯಿಂದ ಬಂದದ್ದು, "ಇಲ್ಲ. ಕಳಿಸಬೇಡಿ," ಎಂಬ ಮಾತು.

ಆಗ ಚಿಕ್ಕತಾಯಮ್ಮ ದನಿಯೇರಿಸಿದರು. "ಹದಿನೆಂಟು ವರ್ಸ ನಿಮ್ ಚರಂಡಿ ಬಾಚಿದೀನಿ. ಚರಂಡಿಗೆ ಕೈಗವಸು ಕೊಡ್ತೀವಿ ಅಂತ ಬರ್ದವ್ರೆ, ಕೊಡ್ಲಿಲ್ಲ. ನಿಮ್ ಸಿಟ್ಟೂ ಬಾಚಿದೀನಿ, ಅದಕ್ಕೆ ಬರಿಯಾದೂ ಇಲ್ಲ. ಅಧ್ಯಕ್ಷರೇ, ನಾಕು ಗಂಟೆಗೆ ನೀವು ನಿದ್ದೆಯಿಂದ ಏಳ್ತೀರ. ನಾಕು ಗಂಟೆಗೆ ನಾನು ನನ್ ಮಗಳ ಮ್ಯಾಲೆ ಕೈಯೆತ್ತಿದೀನಿ. ಆ ಕೈ ನಿಮ್ದು. ಆ ಮಗೀಗೆ ನಾನೇನಂತ ಹೇಳ್ಲಿ? ಅವ್ವ ಹೊಡೀಲಿಲ್ಲ ಕಣವ್ವ, ಶಾಲು ಹೊದ್ದೋರು ಹೊಡುದ್ರು ಅನ್ಲಾ? ನಮ್ಮಕ್ಕನ್ನ ಕುರ್ಚಿ ಮ್ಯಾಲೆ ಕೂರ್ಸಿದ್ರಿ, ನಿಮ್ಮನೆ ಜಗಳ ಅವ್ಳ ತಲೆ ಮ್ಯಾಲೆ ಸುರುದ್ರಿ, ಅತ್ಲು ಅಂತ ಗಾಡಿ ಹತ್ಸಿದ್ರಿ. ಮೇಡಮ್ಮೋರೆ, ಆ ರುಜು ನಿಮ್ದೇ. ನೀವು ನನ್ ಕಾಲ ಕೆಳಗೆ ಕೂತ್ರಿ, ಒಳ್ಳೇವ್ರು. ಆದ್ರೂ ರುಜು ನಿಮ್ದೇ."

ಅದು ಇಳಿದು ಬಂತು. ನಮ್ಮೂರಿನ ಚರಿತ್ರೆಯಲ್ಲಿ ಪೊರಕೆ ಹಿಡಿದ ಕೈಯ ಸಿಟ್ಟು ಮೇಲಿನಿಂದ ಕೆಳಕ್ಕೆ ಹರಿದದ್ದು ಅದೇ ಮೊದಲು. ಮೊದಲು ನನಗೆ ತಾಗಿತು. ನಾನು ಎದ್ದು ನಿಂತು, "ಹೌದು, ನನ್ನದೇ! ಒಂಬತ್ತೂ ನನ್ನವೇ! ಇವತ್ತು ಎಲ್ಲ ವಾಪಸು ತೊಗೊಳ್ತೀನಿ!" ಎಂದು ಗಂಟಲು ಹರಿಯುವಂತೆ ಕಿರುಚಿದೆ. ಮರುಕ್ಷಣ ವಿರೂಪಣ್ಣನವರು ಮುಷ್ಟಿಯಿಂದ ಮೇಜು ಕುಟ್ಟಿದರು. ಸಿಟ್ಟು ಬಂದಾಗ ಏನು ಮಾಡಬೇಕೆಂದು ಅವರಿಗೆ ಅಭ್ಯಾಸವೇ ಇರಲಿಲ್ಲ. ಮೂರು ವರ್ಷದ ಮಗುವಿನಂತೆ ಕಾಲು ಬಡಿದರು. "ಛತ್ರಿ ನೀವೊಬ್ರೇ ಹಿಡ್ಕೊಂಡು ಕೂತಿದೀರಲ್ರೀ, ನಾಚಿಕೆ ಆಗಲ್ವಾ ನಿಮಗೆ?" ಎಂದು ಆರೋಗ್ಯಾಧಿಕಾರಿಯ ಮೇಲೆ ಹಾರಿದರು. ಆರೋಗ್ಯಾಧಿಕಾರಿ ಛತ್ರಿಯನ್ನು ನೆಲಕ್ಕೆ ಎಸೆದು, "ತೊಗೊಳ್ರೀ, ನಿಮ್ಮ ಬೋಳುತಲೆಗೆ ಇಟ್ಕೊಳ್ರೀ!" ಎಂದರು. ಇಂಜಿನಿಯರು ಯಾರ ಮೇಲೆ ಕೂಗಬೇಕೆಂದು ತಿಳಿಯದೆ ಟ್ಯಾಂಕಿನ ಕಂಬಕ್ಕೆ ಒದ್ದು, ನೋವಿನಿಂದ ಕುಂಟುತ್ತಾ ಮತ್ತೆ ಕಂಬವನ್ನೇ ಬೈದರು.

ಅಶ್ವತ್ಥನ ಕತ್ತು ಹೆಗಲಿನಿಂದ ಹೊರಗೆ ಬಂದದ್ದನ್ನು ನಾನು ನೋಡಿದೆ. ಅವರ ಮುಖ ಕೆಂಡವಾಗಿತ್ತು, ಆದರೆ ಅವರು ಬಾಯಿ ತೆರೆಯಲಿಲ್ಲ. ಎಲ್ಲವನ್ನೂ ಪೆನ್ನಿಗೆ ಕೊಟ್ಟರು. ಹಾಳೆ ಹರಿದುಹೋಗುವಂತೆ ಒತ್ತಿ ಒತ್ತಿ ಬರೆದರು: ಹನ್ನೊಂದು ನಲವತ್ತೊಂದು, ಆಪ್ತಸಮಾಲೋಚಕಿ ಕಿರುಚಿದರು. ಹನ್ನೊಂದು ನಲವತ್ತೆರಡು, ಮಾನ್ಯ ಅಧ್ಯಕ್ಷರು ಮೇಜು ಕುಟ್ಟಿ ದನಿಯೇರಿಸಿದರು. ಹನ್ನೊಂದು ನಲವತ್ತಮೂರು, ಆರೋಗ್ಯಾಧಿಕಾರಿಗಳು ಛತ್ರಿ ಎಸೆದು ಕೂಗಿದರು.

ಅದು ಅಲ್ಲಿಗೆ ನಿಲ್ಲಲಿಲ್ಲ. ಮೇಲಿನಬೀದಿಗೆ ಇಳಿಯಿತು, ಬಾಗಿಲುಗಳು ದಡಾರನೆ ತೆರೆದವು, ನಿವೃತ್ತರಾದ ಹೆಡ್‌ಮಾಸ್ಟರೊಬ್ಬರು ಪೇಪರನ್ನು ಚೂರುಚೂರು ಮಾಡುತ್ತಾ ಬೀದಿಗೆ ಬಂದರು. ನಡುಬೀದಿಗೆ ಇಳಿಯಿತು, ಊಟಕ್ಕೆ ಮುಂಚೆಯೇ ನಿದ್ದೆಗೆ ಅಡ್ಡಾಗಿದ್ದ ಗಂಡಂದಿರನ್ನು ಹೆಂಡಿರು ಮಂಚದಿಂದ ಇಳಿಸಿದರು ಎಂದು ಆಮೇಲೆ ನಮ್ಮಮ್ಮ ಬಹಳ ಖುಷಿಯಿಂದ ಹೇಳಿದಳು. ಕೊನೆಗೆ ತಗ್ಗುಕೇರಿಯನ್ನು ಮುಟ್ಟಿತು. ಬೀಡಿ ಕಟ್ಟುತ್ತಿದ್ದವರ ಕೈ ಬಿಸಿಯಾಯಿತಂತೆ. ಅಭ್ಯಾಸಬಲದಿಂದ ಎಲ್ಲರೂ ಹಲ್ಲು ಕಚ್ಚಿ ತಲೆ ತಗ್ಗಿಸಿದರಂತೆ. ಆದರೆ ಜೈತುನ್‌ಬಿ ಮೂಗು ಅರಳಿಸಿ, "ತಡೀರ್ರೇ, ಇದು ಅವ್ರದಲ್ಲ. ಇದ್ರಲ್ಲಿ ಬೆವರಿನ ವಾಸನೆ ಐತೆ," ಎಂದರಂತೆ. ಮೂರನೆಯ ಸಾಲಿನಿಂದ ಯಾರೋ ಕೂಗಿದರಂತೆ: "ಇದು ನಮ್ ಚಿಕ್ಕತಾಯಿದು ಕಣ್ರೋ!" ಮೊರ ಕೆಳಗಿಟ್ಟರು, ಒಲೆಯ ಸೌದೆ ಹಿಂದಕ್ಕೆಳೆದರು, ಕೂಸುಗಳನ್ನು ಕಂಕುಳಿಗೆ ಹಾಕಿಕೊಂಡರು. ಮುನ್ನೂರು ಜನ ಗುಡ್ಡ ಹತ್ತಿದರು. ಕಾವಲುಗಾರ ಕೋಲು ಎಸೆದು ತಾನೇ ಗೇಟು ತೆಗೆದ.

ಅವರು ಒಳಗೆ ಬಂದಾಗ ಮೇಜಿನ ಸುತ್ತ ಎಲ್ಲರೂ ಏದುಸಿರು ಬಿಡುತ್ತಿದ್ದರು. ಅಶ್ವತ್ಥ ಎದ್ದು ನಿಂತು, ನಮೂದಾದ ಹೆಸರುಗಳನ್ನು ಓದಿದರು. ನೌಕರರು, ಚಿಕ್ಕತಾಯಮ್ಮ. ಆಪ್ತಸಮಾಲೋಚಕಿ. ಅಧ್ಯಕ್ಷರು. ಆರೋಗ್ಯಾಧಿಕಾರಿ. ಇಂಜಿನಿಯರು. ಆಮೇಲೆ ನಿಯಮದ ಸಾಲನ್ನೂ ಓದಿ, "ನಿಯಮದ ಪ್ರಕಾರ ನೀವ್ಯಾರೂ ಹುದ್ದೆಯಲ್ಲಿ ಮುಂದುವರಿಯೋ ಹಾಗಿಲ್ಲ ಸಾರ್," ಎಂದರು. ಅವರ ದನಿ ಇಡೀ ಗುಡ್ಡಕ್ಕೆ ಕೇಳಿಸಿತು.

ವಿರೂಪಣ್ಣನವರು ಪುಸ್ತಕಕ್ಕೆ ಕೈ ಹಾಕಿದರು. ಅಶ್ವತ್ಥ ಅದನ್ನು ಎದೆಗವಚಿಕೊಂಡರು. ಮುನ್ನೂರು ಜನ ಎರಡು ಹೆಜ್ಜೆ ಮುಂದೆ ಬಂದರು. ಯಾರೂ ಕಲ್ಲೆತ್ತಲಿಲ್ಲ, ಬೈಯಲೂ ಇಲ್ಲ.

"ಹಾಗಾದ್ರೆ ಈಗ ಏನ್ರೀ ಮಾಡೋದು?" ಎಂದು ವಿರೂಪಣ್ಣನವರು ಯಾರನ್ನೋ ಕೇಳಿದರು. ಮೇಜು ಕುಟ್ಟಿದ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಅಚ್ಚರಿಯಿಂದ ನೋಡಿಕೊಳ್ಳುತ್ತಿದ್ದರು.

ಮೇಲಿನಿಂದ ಉತ್ತರ ಬಂತು. "ಎಲ್ರೂ ಕೆಲ್ಸ ಬಿಡಾಣ, ಇಲ್ಲಾ ಆ ಕುರ್ಚಿ ಪರೀಕ್ಷೆ ಕಾಗ್ದ ಹರ್ದಾಕಾಣ. ನಂಗೆ ಎರಡೂ ಒಂದೇ. ನೀವ್ ಹೇಳಿ ಅಧ್ಯಕ್ಷರೇ, ನೀವ್ ಏನ್ ಬಿಡ್ತೀರ?"

ಸಭೆ ಅಲ್ಲಿಯೇ ಸೇರಿತು. ಕುರ್ಚಿ ಪರೀಕ್ಷೆಯನ್ನು ರದ್ದುಪಡಿಸಿದ ನಿರ್ಣಯವನ್ನು ಅಶ್ವತ್ಥ ಬರೆದರು, ಅಧ್ಯಕ್ಷರು ರುಜು ಹಾಕಿದರು. ಎರಡನೆಯ ನಿರ್ಣಯವನ್ನು ನಾನು ಬರೆಸಿದೆ: ಈ ಪರೀಕ್ಷೆಯಿಂದ ಶಮನಾಲಯಕ್ಕೆ ಹೋದ ಒಂಬತ್ತು ಜನರ ವರದಿಗಳು ಸುಳ್ಳು, ಬರೆದವಳು ನಾನು, ಅವರನ್ನು ತಕ್ಷಣ ಕರೆತಂದು ಹುದ್ದೆಗೆ ಸೇರಿಸಿಕೊಳ್ಳತಕ್ಕದ್ದು, ಅವರಿಗಾಗಿ ಅತ್ತು ಕೆಲಸ ಕಳೆದುಕೊಂಡವರನ್ನೂ. ಸುಳ್ಳು ಎಂಬ ಮಾತನ್ನು ಲೋಪ ಎಂದು ಬದಲಾಯಿಸಬಹುದೇ ಎಂದು ಆರೋಗ್ಯಾಧಿಕಾರಿ ಕೇಳಿದರು. ಬೇಡ ಎಂದೆ. ಚಿಕ್ಕತಾಯಮ್ಮ ಏಣಿ ಇಳಿದು ಬಂದಾಗ ಅವರನ್ನು ಯಾರೂ ಎತ್ತಿಕೊಳ್ಳಲಿಲ್ಲ, ಹೆಗಲ ಮೇಲೆ ಕೂರಿಸಲಿಲ್ಲ. "ಎತ್ರುಕ್ಕೆ ಹೋಗಿ ಸಾಕಾಯ್ತು, ನೀರು ಕೊಡ್ರೇ," ಎಂದರು. ಮಗಳು ಓಡಿಬಂದು ತಂಬಿಗೆ ಕೊಟ್ಟಳು.

ಮಾರನೆಯ ದಿನ ಪುರಸಭೆಯ ಆದೇಶ ಹಿಡಿದು ಚಿಕ್ಕತಾಯಮ್ಮನೂ ನಾನೂ ಬಸ್ಸಿನಲ್ಲಿ ಘಟ್ಟ ದಾಟಿದೆವು. ಶಮನಾಲಯದವರು ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, ಒಂಬತ್ತು ಜನರನ್ನು ಅಂಗಳಕ್ಕೆ ತಂದು ನಿಲ್ಲಿಸಿದರು. ದೊಡ್ಡತಾಯಮ್ಮ ಕತ್ತರಿಸಿದ ಕೂದಲಿನಲ್ಲಿ, ಮೈ ಇಳಿದು ಅರ್ಧ ಆಗಿದ್ದರು. ತಂಗಿಯನ್ನು ನೋಡಿದವರೇ, "ನಾಕು ವರ್ಸ ಬೇಕಾಯ್ತೇನೇ ನಿಂಗೆ ಬರಾಕೆ?" ಎಂದು ಕೆನ್ನೆಗೆ ಬಾರಿಸಿ, ಆಮೇಲೆ ತಬ್ಬಿಕೊಂಡರು.

ವಾಪಸು ಬರುವ ಬಸ್ಸಿನಲ್ಲಿ ಆ ಒಂಬತ್ತು ಜನ ಏಕಕಾಲಕ್ಕೆ ಮಾತಾಡುತ್ತಿದ್ದರು. ಒಬ್ಬರು ಹಾಡುತ್ತಿದ್ದರು, ಇಬ್ಬರು ಕಿಟಕಿಗಾಗಿ ಜಗಳವಾಡುತ್ತಿದ್ದರು, ಒಬ್ಬರು ಬಿಕ್ಕುತ್ತಿದ್ದರು. ಬಸ್ಸಿನ ಸೀಟುಗಳೆಲ್ಲ ಒಂದೇ ಮಟ್ಟದಲ್ಲಿದ್ದುದರಿಂದ ಯಾರದೂ ಯಾರ ಮೇಲೂ ಬೀಳುತ್ತಿರಲಿಲ್ಲ. "ಸ್ವಲ್ಪ ಮೆಲ್ಲಗೆ ಮಾತಾಡ್ರವ್ವ," ಎಂದು ಬೇಡಿಕೊಂಡ ಕಂಡಕ್ಟರನಿಗೆ, "ನೀನು ಟಿಕೀಟ್ ಹರ್ಕೊಂಡು ಹೋಗಪ್ಪ," ಎಂದು ಅಕ್ಕತಂಗಿಯರಿಬ್ಬರೂ ಒಟ್ಟಿಗೆ ಹೇಳಿದರು. ಇಡೀ ಬಸ್ಸು ಗೊಳ್ಳೆಂದಿತು. ನಾನು ಹಿಂಬಾಗಿಲ ಹತ್ತಿರ ಕಂಬಿ ಹಿಡಿದು ನಿಂತಿದ್ದೆ. ದೊಡ್ಡತಾಯಮ್ಮ ತಿರುಗಿ ನನ್ನನ್ನೇ ದಿಟ್ಟಿಸಿದರು.

"ರುಜು ಹಾಕ್ದೋಳು ನೀನೇ ಅಲ್ವಾ?"

"ಹೌದು."

ಅವರು ತಂಗಿಯನ್ನು ಕಿಟಕಿಯ ಕಡೆಗೆ ಒತ್ತಿ, ತಾವೂ ಸರಿದು, ಸೀಟಿನ ತುದಿಯನ್ನು ಅಂಗೈಯಿಂದ ತಟ್ಟಿದರು. "ಇನ್ನೂ ಆರು ಗಂಟೆ ದಾರಿ ಐತೆ. ಕೂತ್ಕ. ನಂಗೆ ಹೇಳಾದು ಬಾಳ ಐತೆ, ನೀನು ಮಧ್ಯ ಬಾಯಿ ಹಾಕ್ಬಾರ್ದು."

ನಾನು ಅವರ ಪಕ್ಕದಲ್ಲಿ ಕೂತೆ. ದೊಡ್ಡತಾಯಮ್ಮ ಶುರುಮಾಡಿದರು.